ಮೂರನೇ ಸಲ

ಹಡರ್ಸ್‌ಫೀಲ್ಡಿನ ರಾತ್ರಿ ಪಾಳಿ.
ನಾಲ್ಕನೇ ಹಾಸಿಗೆಯ ಗಂಟೆಗೆ ಓಡಿದರೆ
ಒಂಬತ್ತನೆಯದು ಬಡಿದುಕೊಳ್ಳುತ್ತದೆ.

ಆಗಸ್ಟಿನಲ್ಲಿ ಓಲ್ಡ್‌ರಾಯ್ಡ್ ಅಜ್ಜನಿಗೆ ಎರಡು ಸಲ ಚುಚ್ಚಿದ್ದೆ,
ಎರಡು ಸಲವೂ ನರ ನುಣುಚಿಕೊಂಡಿತ್ತು.
'ಪರವಾಗಿಲ್ಲ, ಲವ್' ಅಂದಿದ್ದ
(ಇಲ್ಲಿ ಬಸ್ ಡ್ರೈವರೂ ಹಾಗೇ ಕರೆಯುತ್ತಾನೆ, ಬಿಡಿ).
ನಾನು ಲಿನನ್ ಕೋಣೆಗೆ ಹೋಗಿ
ಒಗೆದ ದುಪ್ಪಟಿಗಳ ನಡುವೆ ಅತ್ತಿದ್ದೆ.

ಈಗ ಜನವರಿ. ಅದೇ ಕೈ, ಬೇರೆ ಹಾಸಿಗೆ.
ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತೇನೆ.
ಅವಸರವೆಲ್ಲ ಪರದೆಯಾಚೆ ನಿಂತಿರಲಿ.
ಕಣ್ಣಿಗೆ ಕಾಣದ್ದು ಬೆರಳ ತುದಿಗೆ ಮೆತ್ತಗೆ ಪುಟಿಯುತ್ತದೆ.
'ಹೊಸಬಳೇನಮ್ಮ?' ಅಜ್ಜನಿಗೆ ನೆನಪಿಲ್ಲ.
'ಅಲ್ಲ' ಅನ್ನುತ್ತೇನೆ,
ಸೂಜಿಯ ಹಿಂದೆ ಕೆಂಪು ಇಣುಕುವ ಮುಂಚೆಯೇ.

ಒಂಬತ್ತನೆಯದು ಇನ್ನೂ ಬಡಿಯುತ್ತಿದೆ.
ಟೇಪು ಅಂಟಿಸಿ, ತಾರೀಖು ಬರೆದು,
'ಬಂದೆ ಬಂದೆ' ಅಂತ ಕೂಗುತ್ತೇನೆ,
ಕನ್ನಡದಲ್ಲೇ.