ಉದ್ರಿ ಪುಸ್ತಕ

ಮೇಗರವಳ್ಳಿಯ ನನ್ನ ಅಂಗಡಿಯ ಉದ್ರಿ ಪುಸ್ತಕದಲ್ಲಿ
ಹೆಸರಿಲ್ಲದ ಒಂದು ಲೆಕ್ಕ:
ಅಕ್ಕಿ ಹತ್ತು ಕೇಜಿ, ಬೆಲ್ಲ, ಬೆಂಕಿಪೊಟ್ಟಣ,
ಉಂಬಳಕ್ಕೆ ಹೊಗೆಸೊಪ್ಪು.

ಯಾರ ಕಡೆ ನೀನು? ಅಂದಿದ್ದರು ಆ ರಾತ್ರಿ.
ತಕ್ಕಡಿ ಕಡೆ, ಅಂದೆ.
ಬಂದೂಕು ಹೊತ್ತ ಹುಡುಗಿಯೊಬ್ಬಳೇ ನಕ್ಕಳು.

ಯಾರದಿದು? ಅಂದರು ಆಮೇಲೆ ಪೊಲೀಸರು.
ನೆಂಟರದು.
ಮೂರು ದಿನ ಕೂರಿಸಿಕೊಂಡು
ಪುಸ್ತಕ ವಾಪಸು ಕೊಟ್ಟರು,
ಎಡಗಿವಿ ಕೊಡಲಿಲ್ಲ.

ಗುಡ್ಡದ ಮೇಲೆ ಐದು ಹೆಣ ಎಂದಿತು ರೇಡಿಯೋ,
ಹೆಸರು ಹೇಳಲಿಲ್ಲ.
ನಾನು ಆ ಪುಟ ಹರಿಯಲಿಲ್ಲ.

ಮೊನ್ನೆ ಬಸ್ಸಿಳಿದು ಬಂದಳು, ನರೆತ ತಲೆ,
ಶರಣಾದ ಕಾಗದ ವ್ಯಾನಿಟಿ ಬ್ಯಾಗಿನಲ್ಲಿ.
ಎಷ್ಟಾಯಿತು? ಅಂದಳು.
ಬಲಗಿವಿ ತಿರುಗಿಸಿ ಮತ್ತೊಮ್ಮೆ ಕೇಳಿಸಿಕೊಂಡೆ.

ಹೊಡೆದುಹಾಕುವ ಮೊದಲು
ಹೆಸರು ಬರೆಯಬೇಕಲ್ಲ, ಅಂದೆ.
ಯಾವುದು? ಅಂದಳು.
ಕಾಡಿನಲ್ಲಿ ನಾಲ್ಕಿದ್ದವಂತೆ.