ಸಂದು

ಇಪ್ಪತ್ನಾಲ್ಕು ಮರದ ತುಂಡು, ಡಬ್ಬಿಯ ಮೇಲಿನ ಲೆಕ್ಕ.
ಈಗಿರುವುದು ಇಪ್ಪತ್ತೆರಡು.
ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ ಒಂದು ಒತ್ತು,
ಕುಂಟುವ ಒಲೆಯ ಕಾಲಿಗೆ ಇನ್ನೊಂದು.
ಮಾಲೂರಿನ ನಮ್ಮ ಅಂಗನವಾಡಿ ನಿಂತಿರುವುದೇ
ಹೀಗೆ ಮಕ್ಕಳಿಂದ ಕೈಗಡ ತಂದು.

ಪುಸ್ತಕದಲ್ಲೊಂದು ಕಲಂ:
ನಾಲ್ಕು ತುಂಡು ಒಂದರ ಮೇಲೊಂದು ಇಡುವುದೇ ಮಗು?
ಹೌದು. ಇಲ್ಲ. ಮೂರನೆಯ ಮನೆ ಇಲ್ಲ.
ಇಮ್ತಿಯಾಜ್ ಒಂಬತ್ತು ಇಡುತ್ತಾನೆ, ನಾಲಗೆ ಕಚ್ಚಿ,
ಉಸಿರಿಗೂ ಬಿದ್ದೀತೆಂದು ಉಸಿರು ಹಿಡಿದು.
ಬಂಗಾರಪೇಟೆ ಕಡೆಯ ರೈಲು ಹೋಗಿ ನೆಲ ಸುಮ್ಮನಾಗುವವರೆಗೆ
ಕಾಯುತ್ತಾನೆ ಹತ್ತನೆಯದಕ್ಕೆ.
ಆದರೂ ಬೀಳುತ್ತದೆ. ದೀಪಾವಳಿಗೆ ಮುಂಚೆ ಅಳುತ್ತಿದ್ದ;
ಈಗ ಸಂಕ್ರಾಂತಿ ಕಳೆದಿದೆ,
ಚೆಲ್ಲಿದ್ದನ್ನು ಒಂದು ಗಳಿಗೆ ನೋಡಿ
ದೊಡ್ಡದನ್ನು ಹುಡುಕಿ ಅಡಿಗಿಡುತ್ತಾನೆ.
ಯಾರೂ ಹೇಳಿಕೊಟ್ಟದ್ದಲ್ಲ. ನಾನಂತೂ ಅಲ್ಲ,
ನಾನು ಬೇಳೆ ತೊಳೆಯುತ್ತಿದ್ದೆ.

ಮೌನಿಕ ಮಾತ್ರ ಮೇಲೆ ಇಡುವುದಿಲ್ಲ.
ಹೆಸರಿಗೆ ತಕ್ಕ ಹುಡುಗಿ, ಮೂರೂವರೆ ವರ್ಷ,
ನೀರು ಬೇಕಾದರೂ ಲೋಟ ತೋರಿಸುವವಳು.
ಚಾಪೆಯ ತುದಿಯಲ್ಲಿ ಕೂತು ತುಂಡುಗಳನ್ನು
ಮಗ್ಗುಲಾಗಿ ನಿಲ್ಲಿಸುತ್ತಾಳೆ ಸಾಲಿಗೆ, ಬಿಡಿಬಿಡಿಯಾಗಿ,
ನಡುವೆ ಒಂದು ಬೆರಳು ಸಂದು.
ಆ ಬೆರಳನ್ನೇ ತೂರಿಸಿ ಅಳೆದು ನೋಡುತ್ತಾಳೆ.
"ಹೀಗೆ ಕಣೇ, ಹತ್ತಿರ ಹತ್ತಿರ" ಎಂದು ತಳ್ಳಿ ಕೂಡಿಸಿದೆ.
ಬಿಡಿಸಿದಳು.
ಕೂಡಿಸಿದೆ. ಬಿಡಿಸಿದಳು.
ಐವತ್ತೆರಡರ ನನಗೂ ಮೂರೂವರೆಯ ಅವಳಿಗೂ
ಅರ್ಧ ಗಂಟೆ ನಡೆಯಿತು ಜಗಳ, ಮಾತಿಲ್ಲದೆ.
ಕೊನೆಗೆ ಪೆನ್ನು ತೆಗೆದು ಬರೆದೆ: ಇಲ್ಲ.

ಸಂಜೆ ಆಂಜಿನಮ್ಮ ಬಂದಳು ಇಟ್ಟಿಗೆ ಗೂಡಿನಿಂದ,
ಹುಬ್ಬಿನ ಮೇಲೂ ಕೆಂಧೂಳು, ಸೆರಗಿನ ತುಂಬ ನೀಲಗಿರಿ ಹೊಗೆ.
ಒಂದು ಕಾಲಿನ ಚಪ್ಪಲಿ ಬಿಟ್ಟು ನಿಂತೇಬಿಟ್ಟಳು.
"ಅಯ್ಯೋ ಮೇಡಂ, ಗೂಡು ಕಟ್ಟವ್ಳೆ ನೋಡ್ರಿ!
ಹಸಿ ಇಟ್ಟಿಗೆ ಒತ್ತಾಗಿ ಜೋಡ್ಸಿದ್ರೆ
ಉರಿ ಒಳೀಕೆ ಹೋಗಕ್ಕೆ ದಾರಿ ಎಲ್ಲೈತೆ?
ನಡುವಿಂದು ಹಂಗೇ ಹಸೀಗೆ ಉಳ್ಕಂತದೆ.
ನಾನೇನೂ ಹೇಳ್ಕೊಟ್ಟಿಲ್ಲ.
ಮರಕ್ಕೆ ಜೋಲಿ ಕಟ್ಟಿ ಮಲಗಿಸ್ತಿದ್ದೆ,
ಕಣ್ಣು ಬಿಟ್ಕಂಡೇ ಇರ್ತಿತ್ತು."

ಮಗು ಎದ್ದು ಬಂದು ಅಮ್ಮನ ತೋರುಬೆರಳು ಹಿಡಿದು
ಕರೆದೊಯ್ದು ಸಂದಿಗೆ ತೂರಿಸಿತು.
ಹೋಗಲಿಲ್ಲ. ಒಡೆದ, ದಪ್ಪಗಾದ ಬೆರಳು.
ಮೌನಿಕ ಬೆರಳನ್ನು ನೋಡಿದಳು, ಸಂದನ್ನು ನೋಡಿದಳು,
ಮತ್ತೆ ಕೂತು ಮೊದಲ ತುಂಡಿನಿಂದ ಶುರುಮಾಡಿ
ಇಡೀ ಸಾಲನ್ನು ಅಗಲ ಮಾಡಿದಳು.
ಆಂಜಿನಮ್ಮ ಇನ್ನೊಂದು ಚಪ್ಪಲಿ ಬಿಡುವುದನ್ನು ಮರೆತು
ಬೆರಳು ಚಾಚಿಕೊಂಡೇ ಕುಕ್ಕರಗಾಲಲ್ಲಿದ್ದಳು.

ಪುಸ್ತಕದ ಇಲ್ಲವನ್ನು ಹೊಡೆದುಹಾಕುವಂತಿಲ್ಲ,
ತಿದ್ದಿದರೆ ಸೂಪರ್‌ವೈಸರ್ ಕೇಳುತ್ತಾರೆ.
ಎರಡು ಗೆರೆಗಳ ನಡುವೆ ಒಂಚೂರು ಜಾಗವಿತ್ತು.
ಅಲ್ಲಿ ಸಣ್ಣಕ್ಷರದಲ್ಲಿ ಬರೆದೆ:
ಗೂಡು ಕಟ್ಟುತ್ತಾಳೆ.

ಬೆಳಿಗ್ಗೆ ಬಾಗಿಲ ಒತ್ತು ತೆಗೆದು, ಒರೆಸಿ,
ಡಬ್ಬಿಗೆ ಹಾಕಿದೆ. ಬಾಗಿಲಿಗೆ ಇಟ್ಟಿಗೆ ಚೂರು ಸಾಕು,
ಮಾಲೂರಿನಲ್ಲಿ ಅದಕ್ಕೇನು ಬರ.
ಇಪ್ಪತ್ಮೂರು.
ಒಲೆಯ ಕೆಳಗಿನದು ಎಣ್ಣೆ ಕುಡಿದು ಕಪ್ಪಾಗಿದೆ,
ಅದನ್ನು ಮಕ್ಕಳು ಇನ್ನೂ ಕೇಳಿಲ್ಲ.