ನಿಂತ ಗಾಲಿ

ತಿಕೋಟಾ ರಸ್ತೆದಾಗ ಶೀತಗೃಹದ ಮುಂದ ಪಾಳಿ.
ಒಣದ್ರಾಕ್ಷಿ ತುಂಬಿದ ಲಾರಿ, ಮೇ ತಿಂಗಳ ಬಿಸಲು,
ಹೊಸಾ ಡಾಂಬರು.

ಓಡಿ ಬಂದಾಗ ಗಟ್ಟಿ ಇತ್ತು ರಸ್ತೆ,
ಹದಿನಾರು ಟನ್ನಿಗೂ ಒಂದು ಗೆರಿ ಬಿದ್ದಿರಲಿಲ್ಲ.
ನಿಂತ ಮೂರನೇ ದಿನಕ್ಕ ನೋಡಿದ್ರ
ಗಾಲಿ ಮೂರು ಬೆರಳು ಒಳಗ.
ಜ್ಯಾಕ್ ಹಚ್ಚಿದೆ. ಜ್ಯಾಕೂ ಇಳೀತು,
ತುಪ್ಪದಾಗ ಚಮಚ ಇಳಿಧಂಗ.

ಗ್ಯಾಂಗಿನ ದೇವಲಿಬಾಯಿ ನಕ್ಕಳು.
ಆರಿದ ಡಾಂಬರು ಉಂಡಿಗೆ ಸುತ್ತಿಗಿಲೆ ಹೊಡದಳು,
ಗಾಜಿನಂಗ ಒಡೀತು.
ಅದರದ ಒಂದು ಚೂರು ಪೀಪಾಯಿ ಮ್ಯಾಲ ಇಟ್ಟಳು,
ಮಧ್ಯಾಹ್ನಕ್ಕ ಅಂಚು ದಾಟಿ ಜೋತು ಬಿದ್ದಿತ್ತು.
"ಅವಸರ ಮಾಡಿದವ್ರಿಗೆ ಕಲ್ಲು, ಡ್ರೈವರಣ್ಣಾ.
ಕಾದು ಕುಂತವ್ರಿಗೆ ಎಣ್ಣಿ."

ಆಮ್ಯಾಲ ಬುಟ್ಟಿ ಬೋರಲು ಹಾಕಿ ಕುಂತು
ನಾ ಕೇಳದನ ಹೇಳಿದಳು:
ತಂಗಿ ಕೂಡ ಹನ್ನೆರಡು ವರ್ಷ ಮಾತಿರಲಿಲ್ಲಂತ.
ಪಂಚರು ಬಂದ್ರು, ಮಾವ ಬಂದು ಬೈದು ಹ್ವಾದ,
ಅಂದ ಮಾತೆಲ್ಲಾ ಅಂದವ್ರ ಕಡೆನ ಪುಟದು ಹ್ವಾದುವು.
ಒಂದಿನ ಸೋಮ್ಲಿನ ಬಂದಳು.
ಪೀಪಾಯಿ ನೆರಳಾಗ ಮುಂಜಾನಿಂದ ಸಂಜಿತನಕ
ಸುಮ್ನ ಕುಂತಳು.
"ಏನೂ ಕೇಳಲಿಲ್ಲ. ಅಷ್ಟ."
ಸೀಮೆಎಣ್ಣಿ ಅರಿವಿಲೆ ಅಂಗೈ ಒರಸ್ಕೊಂಡಳು,
ಕರಿ ಹೋಗಲಿಲ್ಲ.

ನಾಕನೇ ದಿನ ಹಲಗಿ ಕೊಟ್ಟು ಲಾರಿ ತಗದ್ವಿ.
ಕಸಬರಗಿ ಕಡ್ಡಿ ಇಟ್ಟು ತಗ್ಗು ಅಳದೆ, ಯಾಕೋ.
ರಾತ್ರಿ ರೊಟ್ಟಿ ತಿಂದು ಬಂದು
ಮೊಬೈಲ್ ಬೆಳಕಿನಾಗ ಮತ್ತ ಅಳದೆ.

ಅರ್ಧ ಬೆರಳು ಮ್ಯಾಲ ಬಂದಿತ್ತು, ಯಾರೂ ಎತ್ತದನ.
ಉಳಿದ ಎರಡೂವರಿ
ಬರಲಿಲ್ಲ.